ಹಸಿರು ಗುಂಡಿ ಒತ್ತುವ ಮುನ್ನ

ಮೈಸೂರು, 2021ರ ಜನವರಿ 17, ಭಾನುವಾರ

ಹೊಸ ಗೋಪ್ಯತಾ ನೀತಿಯನ್ನು ಒಪ್ಪಿಕೊಳ್ಳಲು ವಾಟ್ಸ್‌ಆ್ಯಪ್ ಕೊಟ್ಟಿದ್ದ ಫೆಬ್ರುವರಿ 8ರ ಗಡುವು ಮೊನ್ನೆ ಶುಕ್ರವಾರ ಮೇ 15ಕ್ಕೆ ಹೋಗಿದೆ. ಬುಧವಾರ ದೊಡ್ಡ ಇಂಗ್ಲಿಷ್ ಪತ್ರಿಕೆಗಳ ಮುಖಪುಟದಲ್ಲಿ ಜಾಹೀರಾತು ಕೊಟ್ಟಿದ್ದ ಕಂಪನಿ ಈಗ ನಮ್ಮೆಲ್ಲರ ಸ್ಟೇಟಸ್ ಪಟ್ಟಿಯಲ್ಲಿ ತಾನೇ ಬಂದು ಕುಳಿತು, ನಿಮ್ಮ ಖಾಸಗಿ ಮಾತುಗಳನ್ನು ನಾವು ಓದುವುದೂ ಇಲ್ಲ, ಕೇಳುವುದೂ ಇಲ್ಲ ಎಂದು ಸಮಜಾಯಿಷಿ ನೀಡುತ್ತಿದೆ. ನಲವತ್ತು ಕೋಟಿ ಬಳಕೆದಾರರಿದ್ದಾರೆಂದು ಹೇಳಲಾಗುವ ಈ ದೇಶದಲ್ಲಿ ಅದು ಇಷ್ಟು ತಗ್ಗಿ ಮಾತಾಡಿದ್ದನ್ನು ನಾನಂತೂ ನೋಡಿರಲಿಲ್ಲ. ಸಂಕ್ರಾಂತಿಯ ದಿನ ನಮ್ಮ ಬಳಗದ ಗುಂಪಿನಲ್ಲಿ ಎಳ್ಳುಬೆಲ್ಲದ ಚಿತ್ರಗಳ ನಡುನಡುವೆ ‘ಕೂಡಲೇ ವಾಟ್ಸ್‌ಆ್ಯಪ್ ಬಿಡಿ’ ಎಂಬ ಸಂದೇಶಗಳೂ ಹರಿದುಬಂದವು. ಅವೆಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ಬಂದವು ಎಂಬುದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಯಾವುದಕ್ಕೆ ಹೋಗೋಣ, ಯಾವುದನ್ನು ನಂಬೋಣ ಎಂದು ಮನೆಯವರು ಕೇಳುತ್ತಿರುವುದರಿಂದ, ಈ ವಾರ ಓದಿ ತಿಳಿದದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲಿಗೆ, ಗಲಾಟೆಗೆ ಕಾರಣವಾದ ಬದಲಾವಣೆ ಗುಂಪುಗಳಲ್ಲಿ ಹರಡಿದ ಸುದ್ದಿಯಷ್ಟು ಭಯಂಕರವಾದುದಲ್ಲ. ನಮ್ಮ ನಮ್ಮ ನಡುವಿನ ಸಂದೇಶಗಳಿಗೆ 2016ರ ಏಪ್ರಿಲ್‌ನಿಂದ ಇರುವ ಎಂಡ್-ಟು-ಎಂಡ್ ಗೂಢಲಿಪಿ, ಅಂದರೆ ಕಳಿಸಿದವರು ಮತ್ತು ಪಡೆದವರ ಹೊರತು ಕಂಪನಿಯೂ ಓದಲಾಗದ ಬೀಗ, ಹಾಗೆಯೇ ಮುಂದುವರಿಯುತ್ತದೆ. ಹೊಸ ನೀತಿಯ ಹೆಚ್ಚಿನ ಭಾಗ ನಾವು ವ್ಯಾಪಾರಿ ಖಾತೆಗಳೊಡನೆ ನಡೆಸುವ ಸಂಭಾಷಣೆಗೆ ಸಂಬಂಧಿಸಿದ್ದು; ಅಂಥ ಸಂಭಾಷಣೆಗಳನ್ನು ವ್ಯಾಪಾರ ಸಂಸ್ಥೆಯು ಫೇಸ್‌ಬುಕ್ಕಿನ ಸರ್ವರ್‌ಗಳಲ್ಲಿ ಇರಿಸಬಹುದು, ಅದರಲ್ಲಿ ತಿಳಿದದ್ದನ್ನು ಜಾಹೀರಾತಿಗೂ ಬಳಸಬಹುದು. ನಮ್ಮ ಫೋನ್ ಸಂಖ್ಯೆ, ಫೋನಿನ ವಿವರ, ಐಪಿ ವಿಳಾಸ ಮುಂತಾದವು ಫೇಸ್‌ಬುಕ್ ಬಳಗದ ಕಂಪನಿಗಳಿಗೆ ಹೋಗಬಹುದು ಎಂಬುದು ಮಾತ್ರ ಹೊಸ ಸಂಗತಿಯೇ ಅಲ್ಲ. ಅದು 2016ರ ಆಗಸ್ಟ್‌ನಲ್ಲಿ ಬಂದ ನೀತಿಯಲ್ಲೇ ಇತ್ತು. ಆಗ ಹಳೆಯ ಬಳಕೆದಾರರಿಗೆ, ಫೇಸ್‌ಬುಕ್ಕಿನ ಜಾಹೀರಾತಿಗೆ ನನ್ನ ಮಾಹಿತಿ ಬೇಡ ಎಂದು ಹೇಳಲು ಮೂವತ್ತು ದಿನಗಳ ಅವಕಾಶವಿತ್ತು. ಈಗ ಪರದೆಯ ಮೇಲೆ ಮೂಡುವ ಪ್ರಕಟಣೆಯಲ್ಲಿ ಒಪ್ಪಿಗೆಯ ಹಸಿರು ಗುಂಡಿ ಒಂದು, ಮತ್ತು ‘ಈಗ ಬೇಡ’ ಎಂಬ ಸಣ್ಣ ಅಕ್ಷರ ಮಾತ್ರ ಇವೆ. ‘ಈಗ ಬೇಡ’ ಎನ್ನಬಹುದು, ‘ಬೇಡ’ ಎನ್ನುವಂತಿಲ್ಲ. ಜನರಿಗೆ ಸಿಟ್ಟು ಬಂದಿದ್ದರೆ ಅದು ಇದಕ್ಕಾಗಿ ಬರಬೇಕಾಗಿತ್ತು.

ಗೂಢಲಿಪಿಯ ಮಾತು ಬಂದಾಗಲೆಲ್ಲ ಎರಡು ಬೇರೆ ಪ್ರಶ್ನೆಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಪತ್ರವನ್ನು ಯಾರು ಓದಬಲ್ಲರು ಎಂಬುದು ಒಂದು. ಲಕೋಟೆಯ ಮೇಲಿನ ಬರಹವನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ ಎಂಬುದು ಇನ್ನೊಂದು. ನಾನು ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಸಂದೇಶ ಕಳಿಸಿದೆ, ಯಾವ ಗುಂಪಿನಲ್ಲಿದ್ದೇನೆ, ಆ ಗುಂಪಿನ ಹೆಸರೇನು ಎಂಬ ವಿವರಗಳಿಂದಲೇ ನನ್ನ ಕಾಯಿಲೆ, ಸಾಲ, ಮನಸ್ತಾಪಗಳನ್ನು ಬೇಕಾದಷ್ಟು ಊಹಿಸಬಹುದು; ಒಳಗಿನ ಒಕ್ಕಣೆಯನ್ನು ಓದಲೇಬೇಕೆಂದಿಲ್ಲ. ಯಾರು ಯಾರಿಗೆ ಸಂದೇಶ ಕಳಿಸುತ್ತಾರೆಂಬ ದಾಖಲೆಯನ್ನು ತಾನು ಇಟ್ಟುಕೊಳ್ಳುವುದಿಲ್ಲ, ನಮ್ಮ ಸಂಪರ್ಕಪಟ್ಟಿಯನ್ನು ಫೇಸ್‌ಬುಕ್ಕಿಗೆ ಕೊಡುವುದಿಲ್ಲ ಎಂದು ಕಂಪನಿ ಈ ವಾರ ಸ್ಪಷ್ಟಪಡಿಸಿದೆ. ಅದು ಸುಳ್ಳೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆದರೆ ‘ನಾವು ಮಾಡುವುದಿಲ್ಲ’ ಎಂಬ ಮಾತಿಗೂ ‘ನಮ್ಮಿಂದ ಮಾಡಲು ಆಗುವುದಿಲ್ಲ’ ಎಂಬ ಮಾತಿಗೂ ಬಹಳ ಅಂತರವಿದೆ, ಮತ್ತು ನಂಬಿಕೆಯ ಪ್ರಶ್ನೆ ಹುಟ್ಟುವುದು ಮೊದಲನೆಯ ಮಾತಿನಲ್ಲಿ ಮಾತ್ರ.

ಆ ಮಾತನ್ನು ಆಡುತ್ತಿರುವವರ ಚರಿತ್ರೆ ಹೇಗಿದೆ ಎಂದು ನೋಡಬೇಕಾದದ್ದು ಆದ್ದರಿಂದಲೇ. 2014ರಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರ್‌ಗೆ ವಾಟ್ಸ್‌ಆ್ಯಪ್ ಖರೀದಿಯನ್ನು ಘೋಷಿಸಿದಾಗ, ಬಳಕೆದಾರರಿಗೆ ಏನೂ ಬದಲಾಗದು ಎಂಬ ಭರವಸೆ ಸಿಕ್ಕಿತ್ತು. ಎರಡೂ ಸೇವೆಗಳ ಖಾತೆಗಳನ್ನು ತಾನಾಗಿ ಹೊಂದಿಸಿ ನೋಡುವುದು ನಂಬಲರ್ಹವಾಗಿ ಸಾಧ್ಯವಿಲ್ಲವೆಂದು ಫೇಸ್‌ಬುಕ್ ಖರೀದಿಯನ್ನು ಪರಿಶೀಲಿಸುತ್ತಿದ್ದ ಯುರೋಪಿಯನ್ ಆಯೋಗದ ಮುಂದೆ ಹೇಳಿತ್ತು. ಎರಡು ವರ್ಷಗಳ ನಂತರ ಅದೇ ಹೊಂದಾಣಿಕೆ ನೀತಿಯಾಗಿಯೇ ಪ್ರಕಟವಾಯಿತು. 2014ರಲ್ಲೇ ಅದು ಸಾಧ್ಯವೆಂಬುದು ಕಂಪನಿಯ ಸಿಬ್ಬಂದಿಗೆ ಗೊತ್ತಿತ್ತೆಂದು ಕಂಡುಕೊಂಡ ಆಯೋಗ, ದಾರಿತಪ್ಪಿಸುವ ಮಾಹಿತಿ ಕೊಟ್ಟದ್ದಕ್ಕಾಗಿ 2017ರ ಮೇ ತಿಂಗಳಲ್ಲಿ 11 ಕೋಟಿ ಯೂರೋ ದಂಡ ವಿಧಿಸಿತು. ವಾಟ್ಸ್‌ಆ್ಯಪ್ ಸ್ಥಾಪಕರಲ್ಲಿ ಒಬ್ಬರಾದ ಬ್ರಯನ್ ಆ್ಯಕ್ಟನ್ ಅದೇ ವರ್ಷ ಹೊರನಡೆದು, 2018ರ ಫೆಬ್ರುವರಿಯಲ್ಲಿ 5 ಕೋಟಿ ಡಾಲರ್ ಹಾಕಿ, ಸಿಗ್ನಲ್ ಎಂಬ ಸಂದೇಶದ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಅವರೊಡನೆ ಸಿಗ್ನಲ್ ಪ್ರತಿಷ್ಠಾನವನ್ನು ಆರಂಭಿಸಿದರು. ತಾನು ಕಟ್ಟಿ ಮಾರಿದ ಮನೆಯ ಎದುರಿನಲ್ಲೇ ಇನ್ನೊಂದನ್ನು ಕಟ್ಟಲು ಆ ವ್ಯಕ್ತಿ ಕೈಯಿಂದ ಹಣ ಹಾಕಿದ್ದಾರೆಂಬುದು ನನ್ನ ಮಟ್ಟಿಗೆ ಯಾವ ಜಾಹೀರಾತಿಗಿಂತಲೂ ತೂಕದ ಸಾಕ್ಷಿ. ವಿಚಿತ್ರವೆಂದರೆ ವಾಟ್ಸ್‌ಆ್ಯಪ್ ಬಳಸುವ ಗೂಢಲಿಪಿಯೂ ಸಿಗ್ನಲ್ ಬಳಗ ರೂಪಿಸಿದ್ದೇ. ಬೀಗ ಎರಡಕ್ಕೂ ಒಂದೇ ಆಗಿರುವಾಗ ವ್ಯತ್ಯಾಸವಿರುವುದು ಬೀಗದ ಹೊರಗೆ.

ಎಷ್ಟು ವ್ಯತ್ಯಾಸ ಎಂಬುದಕ್ಕೆ ಒಂದು ಪ್ರಸಂಗ ಸಾಕು. 2016ರಲ್ಲಿ ಅಮೆರಿಕದ ವರ್ಜೀನಿಯಾದ ಫೆಡರಲ್ ಗ್ರ್ಯಾಂಡ್ ಜ್ಯೂರಿಯೊಂದು ಸಿಗ್ನಲ್ ಬಳಕೆದಾರರ ವಿವರಗಳನ್ನು ಕೇಳಿ ಆದೇಶ ಕಳಿಸಿತು. ಹೆಸರು, ವಿಳಾಸ, ಸಂಪರ್ಕಗಳು ಇತ್ಯಾದಿಯಾಗಿ ಉದ್ದದ ಪಟ್ಟಿಯೇ ಅದರಲ್ಲಿತ್ತು. ಸಿಗ್ನಲ್ ಕೊಡಲು ಸಾಧ್ಯವಾದದ್ದು ಎರಡೇ ಸಂಗತಿಗಳನ್ನು: ಖಾತೆ ಯಾವಾಗ ತೆರೆಯಿತು, ಕೊನೆಯ ಸಲ ಯಾವ ದಿನ ಸರ್ವರ್ ಸಂಪರ್ಕಕ್ಕೆ ಬಂತು. ಉಳಿದದ್ದನ್ನು ಮುಚ್ಚಿಟ್ಟದ್ದಲ್ಲ, ಅದು ಅವರ ಬಳಿ ಇರಲೇ ಇಲ್ಲ. ಕಳೆದ ತಿಂಗಳಿಂದ ಆ್ಯಪಲ್ ತನ್ನ ಅಂಗಡಿಯಲ್ಲಿ ಪ್ರತಿ ಆ್ಯಪ್‌ಗೂ ಅಂಟಿಸುತ್ತಿರುವ ಮಾಹಿತಿ ಚೀಟಿಯಲ್ಲೂ ಸಿಗ್ನಲ್‌ನದು ಫೋನ್ ಸಂಖ್ಯೆ ಎಂಬ ಒಂದೇ ಸಾಲು, ವಾಟ್ಸ್‌ಆ್ಯಪ್‌ನದು ಬೆರಳಿಂದ ಮೇಲೆ ಸರಿಸುತ್ತ ಓದಬೇಕಾದಷ್ಟು ಉದ್ದ.

ಟೆಲಿಗ್ರಾಂ ವಿಷಯದಲ್ಲಿ ನನಗೆ ನಮ್ಮವರೊಡನೆ ಜಗಳವೇ ಆಗಿದೆ. ಮೂರು ದಿನಗಳಲ್ಲಿ ಎರಡೂವರೆ ಕೋಟಿ ಜನ ಹೊಸದಾಗಿ ಸೇರಿದರು, ಒಟ್ಟು ಬಳಕೆದಾರರು ಐವತ್ತು ಕೋಟಿ ದಾಟಿದರು ಎಂದು ಅದರ ಸ್ಥಾಪಕ ಪಾವೆಲ್ ದೂರೊವ್ ಮಂಗಳವಾರ ಪ್ರಕಟಿಸಿದ್ದಾರೆ. ಖಾಸಗಿತನಕ್ಕಾಗಿ ವಾಟ್ಸ್‌ಆ್ಯಪ್ ಬಿಟ್ಟು ಅಲ್ಲಿಗೆ ಹೋದವರಿಗೆ, ಅಲ್ಲಿಯ ಸಾಮಾನ್ಯ ಸಂಭಾಷಣೆಗಳಿಗೆ ಎಂಡ್-ಟು-ಎಂಡ್ ಗೂಢಲಿಪಿ ಇಲ್ಲವೆಂದು ಗೊತ್ತಿದೆಯೇ ಎಂಬುದೇ ನನ್ನ ಪ್ರಶ್ನೆ. ಅವು ಟೆಲಿಗ್ರಾಂನ ಸರ್ವರ್‌ಗಳಲ್ಲಿ ಕುಳಿತಿರುತ್ತವೆ, ಅವುಗಳ ಕೀಲಿಯೂ ಆ ಕಂಪನಿಯ ಬಳಿಯೇ ಇರುತ್ತದೆ. ಹೊಸ ಫೋನಿನಲ್ಲಿ ಲಾಗಿನ್ ಆದ ಕೂಡಲೇ ಹಳೆಯದೆಲ್ಲ ಕಾಣಿಸಿಕೊಳ್ಳುವ ಅನುಕೂಲ ಸಿಕ್ಕಿರುವುದೇ ಹಾಗೆ. ‘ಸೀಕ್ರೆಟ್ ಚಾಟ್’ ಎಂಬುದನ್ನು ಬೇರೆಯಾಗಿ ಆರಿಸಿಕೊಂಡರೆ ಮಾತ್ರ ಪೂರ್ಣ ರಕ್ಷಣೆ, ಅದೂ ಇಬ್ಬರ ನಡುವೆ ಮಾತ್ರ, ಗುಂಪುಗಳಿಗೆ ಇಲ್ಲವೇ ಇಲ್ಲ. ಅಂದರೆ ನಮ್ಮ ಬಳಗದ ಗುಂಪನ್ನು ಇಡಿಯಾಗಿ ಟೆಲಿಗ್ರಾಂಗೆ ಸಾಗಿಸಿದರೆ, ಸಂದೇಶದ ಒಳಗಿನ ವಿಷಯದ ಮಟ್ಟಿಗೆ ನಾವು ಈಗಿರುವುದಕ್ಕಿಂತ ಕೆಳಗೆ ಇಳಿದಂತೆ. ಸಿನಿಮಾ ಚಾನೆಲ್ಲುಗಳು, ದೊಡ್ಡ ಕಡತಗಳು, ಸಾವಿರಾರು ಜನರ ಗುಂಪುಗಳು ಬೇಕೆಂದು ಅಲ್ಲಿಗೆ ಹೋಗುವುದಾದರೆ ಹೋಗಲಿ. ಗುಟ್ಟು ಕಾಯುತ್ತದೆಂದು ಹೋಗುವುದು ಬೇಡ.

ಬೇರೆ ಆಯ್ಕೆಗಳ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಸ್ಟಿಕರ್‌ಗಳಿಂದ ಹುಡುಗರ ಮನಗೆದ್ದಿದ್ದ ನಮ್ಮ ದೇಶದ್ದೇ ಆದ ಹೈಕ್ ಈ ತಿಂಗಳೇ ಬಾಗಿಲು ಹಾಕಿದೆ. ವೀಚಾಟ್ ಕಳೆದ ಜೂನ್ 29ರಂದು ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಸೇರಿಹೋಯಿತು. ಸ್ವದೇಶಿ ಎಂಬುದು ಸಂತೋಷದ ವಿಷಯವಾಗಬಹುದು, ಆದರೆ ಸರ್ವರ್ ಎಲ್ಲಿದೆ ಎಂಬುದಕ್ಕಿಂತ ಅದರ ಕೀಲಿ ಯಾರ ಬಳಿ ಇದೆ ಎಂಬುದು ಮುಖ್ಯ.

ಯಾರೂ ಚರ್ಚಿಸದ, ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ ಬ್ಯಾಕಪ್. ವಾಟ್ಸ್‌ಆ್ಯಪ್ ಸಂದೇಶಗಳನ್ನು ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಪ್ರತಿ ರಾತ್ರಿ ಉಳಿಸಿಡುವ ವ್ಯವಸ್ಥೆಯನ್ನು ನಮ್ಮಲ್ಲಿ ಹೆಚ್ಚಿನವರು ಒಮ್ಮೆ ಒಪ್ಪಿ ಮರೆತಿದ್ದಾರೆ. 2021ರ ಈ ಹೊತ್ತಿಗೆ, ಹಾಗೆ ಉಳಿಸಿಟ್ಟ ಪ್ರತಿಗೆ ವಾಟ್ಸ್‌ಆ್ಯಪ್‌ನ ಎಂಡ್-ಟು-ಎಂಡ್ ರಕ್ಷಣೆ ಅನ್ವಯಿಸುವುದಿಲ್ಲ. ಇದನ್ನು ಕಂಪನಿಯೇ ಸೆಟ್ಟಿಂಗ್ಸ್ ಪುಟದಲ್ಲಿ ಸಣ್ಣದಾಗಿ ಹೇಳಿದೆ. ಇನ್ನೂ ತೊಡಕಿನ ವಿಷಯವೆಂದರೆ, ನಾನು ನನ್ನ ಬ್ಯಾಕಪ್ ನಿಲ್ಲಿಸಿದರೂ ನನ್ನೊಡನೆ ಮಾತಾಡಿದವರ ಬ್ಯಾಕಪ್‌ನಲ್ಲಿ ನನ್ನ ಮಾತು ಹಾಗೆಯೇ ಇರುತ್ತದೆ. ಕಳೆದ ವರ್ಷ ಮುಂಬೈ ಚಿತ್ರರಂಗದ ಮಾದಕವಸ್ತು ತನಿಖೆಯ ಹೊತ್ತಿನಲ್ಲಿ ಯಾರ್ಯಾರದೋ ಹಳೆಯ ವಾಟ್ಸ್‌ಆ್ಯಪ್ ಮಾತುಕತೆಗಳನ್ನು ಟಿವಿ ವಾಹಿನಿಗಳು ದಿನವಿಡೀ ಓದಿದವು. ಫೋನೋ ಬ್ಯಾಕಪ್ಪೋ ಒಮ್ಮೆ ಇನ್ನೊಬ್ಬರ ಕೈಗೆ ಸಿಕ್ಕಿತೆಂದರೆ ಗೂಢಲಿಪಿಯನ್ನು ಒಡೆಯುವ ಅಗತ್ಯವೇ ಬೀಳುವುದಿಲ್ಲ. ಸಿಗ್ನಲ್ 2021ರ ಈ ಹೊತ್ತಿಗೆ ಹೀಗೆ ಹೊರಗಿನ ಸರ್ವರ್‌ಗೆ ಪ್ರತಿ ಕಳಿಸುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಫೋನ್ ಕಳೆದರೆ ಹಳೆಯ ಮಾತೆಲ್ಲ ಹೋದಂತೆ. ನನಗೆ ಅದು ಸಮ್ಮತ. ಮೊಮ್ಮಗಳ ಪ್ರತಿಯೊಂದು ಚಿತ್ರವನ್ನೂ ಸಂದೇಶಗಳಲ್ಲೇ ಕಾಪಾಡಿಕೊಂಡಿರುವ ಅತ್ತೆಯವರಿಗೆ ಖಂಡಿತ ಅಲ್ಲ.

ಗುಂಪಿಗೆ ಸೇರಿಸಿಕೊಳ್ಳುವ ಲಿಂಕ್‌ಗಳದ್ದೂ ಇಂಥದೇ ಕಥೆ. ವಾಟ್ಸ್‌ಆ್ಯಪ್ ಗುಂಪುಗಳ ಆಹ್ವಾನ ಲಿಂಕ್‌ಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿದ್ದವೆಂದು ಈ ವಾರವೇ ಸುದ್ದಿಯಾಯಿತು. 2019ರಲ್ಲಿ ಬೆಳಕಿಗೆ ಬಂದ, ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ಪ್ರಕರಣದಲ್ಲಂತೂ, ಕರೆಯ ವ್ಯವಸ್ಥೆಯಲ್ಲಿದ್ದ ಒಂದು ದೋಷದ ಮೂಲಕ ಸುಮಾರು 1,400 ಜನರ ಫೋನ್‌ಗಳನ್ನು ಗುರಿಮಾಡಲಾಗಿತ್ತೆಂದು ವಾಟ್ಸ್‌ಆ್ಯಪ್ ತಾನೇ ನ್ಯಾಯಾಲಯಕ್ಕೆ ಹೋಗಿ ಹೇಳಿತು. ಅವರಲ್ಲಿ ಭಾರತದ ಪತ್ರಕರ್ತರೂ ವಕೀಲರೂ ಇದ್ದರು. ಫೋನೇ ಕೈಬಿಟ್ಟುಹೋದ ಮೇಲೆ ಸಿಗ್ನಲ್ ಆದರೂ ಏನೂ ಮಾಡಲಾರದು.

ಸಂಜೆ ಭಾವನವರು, ಇದೇ ಕಂಪನಿ ಯುರೋಪಿನವರಿಗೆ ಬೇರೆ ನಿಯಮ ಇಟ್ಟಿದೆಯಂತೆ, ನಿಜವೇ ಎಂದು ಕೇಳಿದರು. ನಿಜ. ಅಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ಕಟ್ಟಳೆಯಿದೆ, ದಂಡ ಹಾಕುವ ಅಧಿಕಾರಿಗಳಿದ್ದಾರೆ. ಹಾಗಾಗಿ ಅಲ್ಲಿಯವರಿಗೆ ವಾಟ್ಸ್‌ಆ್ಯಪ್ ಬೇರೆಯದೇ ನೀತಿಪತ್ರ ಇಟ್ಟಿದೆ. ನಮ್ಮಲ್ಲಿ ಹಕ್ಕು ಇದೆ, 2021ರ ಈ ಹೊತ್ತಿಗೆ ಕಾಯಿದೆ ಇಲ್ಲ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಮ್ಮ ಎಂಬತ್ತರ ಹರೆಯದಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದ ಅವರಿಂದಾಗಿ ಸಿಕ್ಕ ಹಕ್ಕಿಗೆ ಕಾಯಿದೆಯ ರೂಪ ಕೊಡಬೇಕಾದ ಮಸೂದೆ, 2019ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂದು, 2021ರ ಈ ಜನವರಿಯಲ್ಲೂ ಜಂಟಿ ಸಮಿತಿಯ ಮುಂದೆಯೇ ಇದೆ. 2016ರ ನೀತಿಯನ್ನು ಪ್ರಶ್ನಿಸಿ ಇಬ್ಬರು ವಿದ್ಯಾರ್ಥಿಗಳು ದೆಹಲಿಯಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟ್ ಮುಟ್ಟಿ ಅಲ್ಲೇ ಉಳಿದಿದೆ. ಈ ನಡುವೆ ಕಂಪನಿಯು ಹೊಸ ನೀತಿಯನ್ನೇ ಬರೆದುಬಿಟ್ಟಿತು.

ಇಷ್ಟೆಲ್ಲ ತಿಳಿದ ಮೇಲೂ ವಾಟ್ಸ್‌ಆ್ಯಪ್ ಬಿಡಲು ನನ್ನಿಂದಾಗದು. ಹಾಲಿನವರು ಲೆಕ್ಕ ಕಳಿಸುವುದು ಅಲ್ಲಿ, ಮಗನ ಶಾಲೆಯ ಪಾಠಗಳು ಬರುವುದು ಅಲ್ಲಿ, ಬಡಾವಣೆಯಲ್ಲಿ ನೀರು ಬರುವ ಹೊತ್ತು ತಿಳಿಯುವುದೂ ಅಲ್ಲಿ. ಸಂದೇಶದ ಆ್ಯಪ್ ಆರಿಸುವುದು ಚಪ್ಪಲಿ ಆರಿಸಿದಂತೆ ಒಬ್ಬರ ಇಷ್ಟದ ವಿಷಯವಲ್ಲ, ಎದುರಿನವರೂ ಅದನ್ನೇ ಆರಿಸಬೇಕು. ಶುಕ್ರವಾರ ರಾತ್ರಿ, ಹೊಸಬರ ನೂಕುನುಗ್ಗಲಿಗೆ ಸಿಗ್ನಲ್ ಸರ್ವರ್‌ಗಳು ಕುಸಿದು ಸಂದೇಶಗಳು ಹೋಗದಿದ್ದಾಗ, ಹೊಸದಾಗಿ ಸೇರಿದ್ದ ಇಬ್ಬರು ತಾಳ್ಮೆಗೆಟ್ಟು ಹಿಂದಿರುಗಿಯೂ ಆಯಿತು.

ಆದ್ದರಿಂದ ಮನೆಮಟ್ಟಿಗೆ ಹೀಗೆ ಹಂಚಿಕೊಂಡಿದ್ದೇವೆ. ವೈದ್ಯಕೀಯ ವರದಿಗಳು, ಬ್ಯಾಂಕಿನ ಕಾಗದಗಳು, ಅಣ್ಣತಮ್ಮಂದಿರ ಆಸ್ತಿಯ ಮಾತು ಇವೆಲ್ಲ ಸಿಗ್ನಲ್‌ನಲ್ಲಿ. ಅಲ್ಲಿ ಸಂದೇಶಗಳು ಒಂದು ವಾರದ ಬಳಿಕ ತಾವಾಗಿ ಅಳಿಯುವಂತೆ ಇಟ್ಟಿದ್ದೇನೆ. ಹಬ್ಬದ ಶುಭಾಶಯ, ಶಾಲೆ, ಬಡಾವಣೆ ವಾಟ್ಸ್‌ಆ್ಯಪ್‌ನಲ್ಲೇ ಇರಲಿ. ಕಳೆದ ನವೆಂಬರ್‌ನಲ್ಲಿ ಅನುಮತಿ ಸಿಕ್ಕ ವಾಟ್ಸ್‌ಆ್ಯಪ್ ಹಣ ಪಾವತಿಯನ್ನು ಮನೆಯಲ್ಲಿ ಯಾರೂ ಬಳಸುವುದು ಬೇಡವೆಂದಿದ್ದೇನೆ. ಹಣ ಕಳಿಸಲು ಬೇರೆ ದಾರಿಗಳಿರುವಾಗ ಈ ಲೆಕ್ಕವನ್ನೂ ಅದೇ ಬಳಗಕ್ಕೆ ಒಪ್ಪಿಸುವ ಅಗತ್ಯ ಕಾಣೆ. ನನ್ನ ಬ್ಯಾಕಪ್ ಇಂದು ನಿಲ್ಲಿಸಿ, ಗೂಗಲ್ ಡ್ರೈವ್‌ನಲ್ಲಿದ್ದ ಹಳೆಯ ಪ್ರತಿಯನ್ನೂ ಅಳಿಸಿದೆ. ಭಾವನವರು ತಮ್ಮ ಬ್ಯಾಕಪ್ ಬಗ್ಗೆ ಯೋಚಿಸುತ್ತೇನೆ ಎಂದಿದ್ದಾರೆ. ಹಸಿರು ಗುಂಡಿಯನ್ನು ಒತ್ತಿಲ್ಲ. ಮೇ 15ರವರೆಗೆ ‘ಈಗ ಬೇಡ’ ಎಂದೇ ಹೇಳುತ್ತಿರುವುದೆಂದು ತೀರ್ಮಾನಿಸಿದ್ದೇನೆ, ಅಷ್ಟರಲ್ಲಿ ಸರ್ಕಾರವೋ ನ್ಯಾಯಾಲಯವೋ ಏನಾದರೂ ಹೇಳೀತು.