ಆಫ್ರಿಕಾ ಓವರ್‌ಪ್ರಿಂಟ್ ಆಲ್ಬಂ: ಎಲ್ಲಿವರೆಗೆ ಬಂತು

ಈ ಆಲ್ಬಂಗೆ ನಿಯಮ ಎರಡೇ. ಆಫ್ರಿಕಾದ ಸ್ಟ್ಯಾಂಪ್ ಆಗಿರಬೇಕು, ಮೇಲೆ ಓವರ್‌ಪ್ರಿಂಟ್ ಇರಬೇಕು. ಮೊದಲೇ ಅಚ್ಚಾದ ಸ್ಟ್ಯಾಂಪಿನ ಮೇಲೆ ಮತ್ತೊಮ್ಮೆ ಹೊಸ ಹೆಸರೋ ಹೊಸ ಬೆಲೆಯೋ ಹೊಡೆದಿರುತ್ತಾರಲ್ಲ, ಅದು. ಚಂದ ನೋಡಿ ಸಂಗ್ರಹಿಸುವವರು ಇವನ್ನು ಪಕ್ಕಕ್ಕೆ ಸರಿಸುತ್ತಾರೆ. ನನಗೆ ಇವೇ ಬೇಕು. ಅಧಿಕಾರ ಕೈ ಬದಲಾಗುವ ವೇಗಕ್ಕೆ ಅಚ್ಚುಮನೆ ಓಡಲಾಗದಿದ್ದಾಗ ಇಂಥವು ಹುಟ್ಟುತ್ತವೆ. ಹಳೆ ಯಜಮಾನನ ಮುಖ, ಹೊಸಬನ ಹೆಸರು, ಎರಡೂ ಒಂದೇ ಕಡೆ ಸಿಗುತ್ತವೆ.

ಪೂರ್ವ ಆಫ್ರಿಕಾದ ಪುಟಗಳು ಮುಗಿದಿವೆ. ಅಲ್ಲಿಂದ ಶುರು ಮಾಡಲು ಕಾರಣ ಸರಳ, ಆ ಸ್ಟ್ಯಾಂಪ್‌ಗಳು ನಮ್ಮಲ್ಲೇ ಸಿಗುತ್ತವೆ. 1895ರಲ್ಲಿ ಬ್ರಿಟಿಷರು ಭಾರತದ ವಿಕ್ಟೋರಿಯಾ ರಾಣಿ ಸ್ಟ್ಯಾಂಪ್‌ಗಳ ಮೇಲೆ 'ಬ್ರಿಟಿಷ್ ಈಸ್ಟ್ ಆಫ್ರಿಕಾ' ಎಂದು ಹೊಡೆದು ಇಂದಿನ ಕೆನ್ಯಾದ ಮೊಂಬಾಸಾದಲ್ಲಿ ಮಾರಿದರು. ಅದೇ ವರ್ಷ 'ಜಾಂಜಿಬಾರ್' ಎಂದು ಹೊಡೆದವೂ ಬಂದವು. ಅಲ್ಲಿನ ಅಂಚೆಯನ್ನು ಅದುವರೆಗೆ ನಡೆಸುತ್ತಿದ್ದದ್ದೇ ಭಾರತದ ಅಂಚೆ ಇಲಾಖೆ. ಆ ಕರಾವಳಿಯಲ್ಲಿ ಓಡುತ್ತಿದ್ದದ್ದೂ ರೂಪಾಯಿ, ಆಣೆ. ಮರುವರ್ಷ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಳಿ ಹಾಕಲು ಶುರು ಮಾಡಿದರು. ಆ ಕೆಲಸಕ್ಕೆ ಭಾರತದಿಂದ ಹೋದ ಕೂಲಿಗಳು ಸುಮಾರು 32,000. ಸತ್ತವರು ಸುಮಾರು 2,500. ಅವರು ಊರಿಗೆ ಬರೆಸಿದ ಕಾಗದಗಳ ಮೇಲೆ ಇದೇ ಸ್ಟ್ಯಾಂಪ್ ಇದ್ದಿರಬಹುದು. ಅಂಥ ಒಂದು ಲಕೋಟೆ ಸಿಕ್ಕರೆ ಅದರ ಬೆಲೆ ನನ್ನ ಕೈಗೆ ಎಟುಕುವುದಿಲ್ಲ. ಬಿಡಿ ಸ್ಟ್ಯಾಂಪೇ ಸಾಕು.

ಪಕ್ಕದ ಪುಟದಲ್ಲಿ ಜರ್ಮನ್ ಪೂರ್ವ ಆಫ್ರಿಕಾ, ಬಹುಪಾಲು ಇಂದಿನ ತಾಂಜಾನಿಯಾ. ಜರ್ಮನಿಯ ಎಲ್ಲ ವಸಾಹತುಗಳಿಗೂ ಕೈಸರನ ಹಡಗು ಹೊಹೆನ್‌ಜೊಲರ್ನ್ ಇರುವ ಒಂದೇ ಚಿತ್ರ. ನೋಡಲು ಸೊಗಸು, ಆದರೆ ಓವರ್‌ಪ್ರಿಂಟ್ ಅಲ್ಲ, ಹಾಗಾಗಿ ಆಲ್ಬಂನಿಂದ ಹೊರಗೆ. ಅದಕ್ಕೂ ಹಿಂದಿನದು ಬೇಕು. ಜರ್ಮನಿಯ ಸ್ಟ್ಯಾಂಪಿನ ಮೇಲೆ 'ಪೆಸಾ' ಲೆಕ್ಕದಲ್ಲಿ ಬೆಲೆ ಹೊಡೆದದ್ದು. 64 ಪೆಸಾ ಒಂದು ರೂಪಾಯಿ. ನಮ್ಮ ಹಳೆ ಪೈಸೆ ಲೆಕ್ಕವೇ, ಅಲ್ವಾ? ಈ ಪುಟದ ಬರಹದಲ್ಲಿ 1905ರ ಮಾಜಿ ಮಾಜಿ ದಂಗೆಗೆ ಜಾಗ ಕೊಟ್ಟಿದ್ದೇನೆ. ಮಾಜಿ ಎಂದರೆ ಸ್ವಾಹಿಲಿ ಭಾಷೆಯಲ್ಲಿ ನೀರು. ಬಲವಂತದ ಹತ್ತಿ ಬೇಸಾಯದ ವಿರುದ್ಧ ಎದ್ದ ಜನ ಮಂತ್ರಿಸಿದ ನೀರು ತಮ್ಮನ್ನು ಗುಂಡಿನಿಂದ ಕಾಯುತ್ತದೆ ಎಂದು ನಂಬಿದ್ದರು. ಜರ್ಮನರು ಬೆಳೆ ಸುಟ್ಟರು, ಕಣಜ ಸುಟ್ಟರು. ಸತ್ತವರ ಅಂದಾಜು 75,000ದಿಂದ 3 ಲಕ್ಷದವರೆಗೆ ಇದೆ. ಬಹುಪಾಲು ಹಸಿವಿನಿಂದ.

ಅಲ್ಲೇ ಕೆಳಗೆ ಐದನೇ ಜಾರ್ಜ್ ಮುಖದ ಭಾರತದ ಸ್ಟ್ಯಾಂಪ್ ಇದೆ, ಮೇಲೆ 'ಐ.ಇ.ಎಫ್.' ಎಂದು ಅಚ್ಚು. ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್ ಅಂತ. ಮೊದಲ ಮಹಾಯುದ್ಧದಲ್ಲಿ ಹೊರದೇಶಕ್ಕೆ ಹೋದ ನಮ್ಮ ಸಿಪಾಯಿಗಳಿಗಾಗಿ ಮಾಡಿದ್ದು. 1914ರ ನವೆಂಬರ್‌ನಲ್ಲಿ ತಾಂಗಾ ಬಂದರಿಗೆ ಇಳಿದ ಸುಮಾರು 8,000 ಜನರ ಪಡೆಯಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಕೂಡ ಇತ್ತು. ಎದುರಿಗಿದ್ದ ಜರ್ಮನ್ ಪಡೆ ಸುಮಾರು 1,000, ಅದರಲ್ಲೂ ಹೆಚ್ಚಿನವರು ಆಫ್ರಿಕಾದ ಸಿಪಾಯಿಗಳು. ಆದರೂ ನಮ್ಮವರೇ ಸೋತು ಹಡಗು ಹತ್ತಬೇಕಾಯಿತು. ಗುಂಡಿನ ಸದ್ದಿಗೆ ಕೆರಳಿದ ಜೇನುನೊಣಗಳು ಬೇರೆ ಮುತ್ತಿದವು. ಜೇನು ಎರಡೂ ಕಡೆಯವರನ್ನು ಬಿಡಲಿಲ್ಲ, ಅದೊಂದು ತಮಾಷೆ.

ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ಪುಟ ಈಗಷ್ಟೇ ಸಿದ್ಧವಾಗಿದೆ. ಎಲಿಜಬೆತ್ ರಾಣಿಯ ಮುಖ ಇರುವ ಸರಣಿ, ಮೇಲೆ 'ಘಾನಾ ಇಂಡಿಪೆಂಡೆನ್ಸ್ 6ತ್ ಮಾರ್ಚ್ 1957'. ಸಹಾರಾದ ದಕ್ಷಿಣಕ್ಕೆ ಬ್ರಿಟಿಷರ ಕೈಯಿಂದ ಮೊದಲು ಬಿಡುಗಡೆಯಾದ ಕಪ್ಪು ಜನರ ವಸಾಹತು ಇದು. ಸರಣಿಯಲ್ಲಿ ನಾನು ಬೇಕೆಂದೇ ಹುಡುಕಿದ್ದು ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆ ಇರುವ ಸ್ಟ್ಯಾಂಪ್. ಡೇನರು ಕಟ್ಟಿದ ಕೋಟೆ, ಗುಲಾಮರ ವ್ಯಾಪಾರದ ಜಾಗ, ಆಮೇಲೆ ಬ್ರಿಟಿಷ್ ಗವರ್ನರ್ ಮನೆ. 1948ರ ಫೆಬ್ರವರಿ 28ರಂದು ಬರ್ಮಾದವರೆಗೆ ಹೋಗಿ ಹೋರಾಡಿ ಬಂದ ಮಾಜಿ ಸೈನಿಕರು ಪಿಂಚಣಿ ಕೇಳಲು ಇದೇ ಕೋಟೆಯ ಕಡೆಗೆ ನಡೆದರು. ದಾರಿಯಲ್ಲೇ ಗುಂಡು ಹಾರಿತು, ಮೂವರು ಸತ್ತರು. ರಾಜಧಾನಿ ಅಕ್ರಾ ಹೊತ್ತಿ ಉರಿಯಿತು. ಸ್ವಾತಂತ್ರ್ಯ ಹೋರಾಟದ ನಾಯಕ ಎನ್‌ಕ್ರುಮಾ ಜೈಲಿಗೆ ಹೋಗಿ ಬಂದು ಪ್ರಧಾನಿಯಾದರು, ಆ ಕೋಟೆಯಲ್ಲೇ ಹೊಸ ಸರ್ಕಾರವೂ ಕೂತಿತು. ಅಗ್ಗದ ಸ್ಟ್ಯಾಂಪ್, ಎಲ್ಲಿ ಬೇಕಾದರೂ ಸಿಗುತ್ತದೆ. ನನ್ನ ಮಟ್ಟಿಗೆ ಆಲ್ಬಂನಲ್ಲಿ ಅದರಷ್ಟು ತೂಕದ್ದು ಇನ್ನೊಂದಿಲ್ಲ.

ಇದರ ಎದುರಿನ ಪುಟಕ್ಕೆ ಏನು ಎಂದು ತುಂಬ ಯೋಚಿಸಿದೆ. ಕ್ಯಾಟಲಾಗ್‌ನ ಅಕ್ಷರ ಕ್ರಮ ಬಿಟ್ಟು ರೊಡೇಷಿಯಾ (ಇಂದಿನ ಜಿಂಬಾಬ್ವೆ) ಹಾಕಿದ್ದೇನೆ. ಅದೂ ಎಲಿಜಬೆತ್ ರಾಣಿಯ ಮುಖವೇ. ಮೇಲಿನ ಅಚ್ಚು 'ಇಂಡಿಪೆಂಡೆನ್ಸ್ 11ತ್ ನವೆಂಬರ್ 1965'. ಇಯಾನ್ ಸ್ಮಿತ್ ಸರ್ಕಾರ ಬ್ರಿಟನ್ನಿಗೆ ಸಡ್ಡು ಹೊಡೆದು ತಾನೇ ಘೋಷಿಸಿಕೊಂಡ ಸ್ವಾತಂತ್ರ್ಯ. ಸುಮಾರು 2 ಲಕ್ಷ ಬಿಳಿಯರು 40 ಲಕ್ಷ ಕರಿಯರ ಕೈಗೆ ಆಡಳಿತ ಹೋಗದಂತೆ ತಡೆಯಲು ಮಾಡಿದ್ದು. ಬ್ರಿಟನ್ ಆ ಸ್ಟ್ಯಾಂಪ್‌ಗಳನ್ನು ಒಪ್ಪಲಿಲ್ಲ. ಅಂಟಿಸಿ ಬಂದ ಕಾಗದಗಳಿಗೆ ದಂಡ ಹಾಕಿತು. ಎಡಕ್ಕೆ ಘಾನಾ, ಬಲಕ್ಕೆ ರೊಡೇಷಿಯಾ. ನಡುವೆ ಎಂಟು ವರ್ಷ ಎಂಟು ತಿಂಗಳು. ಈ ಎರಡು ಪುಟಕ್ಕೆ ವಿವರಣೆ ಬರೆಯಲು ಹೋಗಿಲ್ಲ, ತಾರೀಕು ಮಾತ್ರ ಬರೆದಿದ್ದೇನೆ.

ಕಾಂಗೋ ಅರ್ಧ ಆಗಿದೆ. ಬೆಲ್ಜಿಯನ್ನರು 1950ರ ದಶಕದಲ್ಲಿ ಬಣ್ಣಬಣ್ಣದ ಹೂವಿನ ಸರಣಿ ತಂದಿದ್ದರು. 1960ರ ಜೂನ್ 30ಕ್ಕೆ ಸ್ವಾತಂತ್ರ್ಯ ಬಂತು, ಹೂವಿನ ಮೇಲೆ 'ಕಾಂಗೋ' ಬಿತ್ತು. ಜುಲೈ 11ಕ್ಕೆ ತಾಮ್ರದ ಗಣಿಗಳ ಕತಾಂಗಾ ಬೇರೆಯಾಯಿತು. ಅಲ್ಲೂ ಹೂವಿನ ಮೇಲೆ 'ಕತಾಂಗಾ'. ವಜ್ರದ ಗಣಿಗಳಿದ್ದ ದಕ್ಷಿಣ ಕಸಾಯಿಯೂ ಆಗಸ್ಟ್‌ನಲ್ಲಿ ಅದೇ ದಾರಿ ಹಿಡಿಯಿತು, ಹೂವಿನ ಮೇಲೆ ಅದರ ಹೆಸರು. ಒಂದೇ ಸರಣಿಗೆ ಮೂರು ಸರ್ಕಾರ. ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಯೋಜನೆ. ಕಾಂಗೋ, ಕತಾಂಗಾ ಇವೆ, ಕಸಾಯಿ ಇನ್ನೂ ಬರಬೇಕು. ಮೊದಲ ಪ್ರಧಾನಿ ಪಾಟ್ರಿಸ್ ಲುಮುಂಬಾ ಹಿಂದೆ ಅಂಚೆ ಕಚೇರಿಯ ಗುಮಾಸ್ತರಾಗಿದ್ದವರು. ಸ್ಟ್ಯಾನ್ಲಿವಿಲ್‌ನಲ್ಲಿ ಬೆಲ್ಜಿಯನ್ ಕಾಂಗೋ ಸ್ಟ್ಯಾಂಪ್‌ಗಳನ್ನೇ ಎಣಿಸಿದ ಕೈ. 1961ರ ಜನವರಿ 17ರಂದು ಅವರನ್ನು ಕತಾಂಗಾಕ್ಕೆ ಒಯ್ದು ಕೊಂದರು. ಬೆಲ್ಜಿಯನ್ ಅಧಿಕಾರಿಗಳೂ ಅಲ್ಲಿದ್ದರು. ಹೆಣವನ್ನು ಆ್ಯಸಿಡ್‌ನಲ್ಲಿ ಕರಗಿಸಿದರು. ಉಳಿದ ಒಂದು ಹಲ್ಲನ್ನು ಬೆಲ್ಜಿಯಂ ಕುಟುಂಬಕ್ಕೆ ಮರಳಿಸಿದ್ದು 2022ರಲ್ಲಿ.

ಜಾಂಜಿಬಾರ್ 1964ಕ್ಕೆ ಬಂದಾಗ ಕೆಲಸ ನಿಧಾನವಾಯಿತು. 1963ರ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯ, ಒಂದು ತಿಂಗಳು ಚಿಲ್ಲರೆ ದಿನಕ್ಕೆ ಕ್ರಾಂತಿ. ಸುಲ್ತಾನ ಓಡಿಹೋದ. ಸಾವಿರಾರು ಅರಬ್ಬರು ಸತ್ತರು, ಭಾರತೀಯ ಮೂಲದವರೂ ಪೆಟ್ಟು ತಿಂದರು. ಹಳೆ ಸ್ಟ್ಯಾಂಪ್‌ಗಳ ಮೇಲೆ 'ಜಮ್ಹೂರಿ 1964' (ಜಮ್ಹೂರಿ ಅಂದರೆ ಗಣರಾಜ್ಯ) ಎಂದು ಮೊದಲು ಅಲ್ಲೇ ಕೈಮುದ್ರೆ ಒತ್ತಿದರು. ಯಂತ್ರದಲ್ಲಿ ಅಚ್ಚಾದದ್ದು ಆಮೇಲೆ ಬಂತು. ಕೈಮುದ್ರೆಗೆ ಬೆಲೆ ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ. ಹತ್ತು ಪಟ್ಟಿನ ಲೆನ್ಸ್ ಇಟ್ಟು ನೋಡುವಾಗ ನಾನು ಮೊದಲು ನೋಡುವುದು ಶಾಯಿಯ ಪದರ. ಅಂಚೆ ಮುದ್ರೆ ಓವರ್‌ಪ್ರಿಂಟಿನ ಮೇಲೆ ಬಿದ್ದಿರಬೇಕು. ಓವರ್‌ಪ್ರಿಂಟ್ ಅಂಚೆ ಮುದ್ರೆಯ ಮೇಲೆ ಕೂತಿದ್ದರೆ ಯಾರೋ ಆಮೇಲೆ ಒತ್ತಿದ್ದಾರೆ ಎಂದೇ ಅರ್ಥ. ಕೈಮುದ್ರೆ ಇರುವುದನ್ನು ನೀರಲ್ಲಿ ನೆನೆಸಲೂ ಬಾರದು, ಕೆಲವು ಶಾಯಿ ಹರಿದುಬಿಡುತ್ತವೆ. ಸದ್ಯಕ್ಕೆ ಯಂತ್ರದ್ದನ್ನೇ ಹಾಕಿದ್ದೇನೆ.

ಅಲ್ಜೀರಿಯಾದ ಕಥೆಯೂ ಇದೇ. 1962ರ ಜುಲೈನಲ್ಲಿ ಫ್ರಾನ್ಸ್ ಸ್ಟ್ಯಾಂಪ್ ಮೇಲೆ 'ಇ.ಎ.' (ಫ್ರೆಂಚಿನಲ್ಲಿ ಅಲ್ಜೀರಿಯಾ ರಾಜ್ಯ ಎಂಬುದರ ಮೊದಲಕ್ಷರ) ಎಂದು ಊರೂರಿನ ಅಂಚೆ ಕಚೇರಿಯಲ್ಲಿ ಒತ್ತಿದ್ದು. ನೂರಾರು ಬಗೆ. ಅದಕ್ಕೆ ಕೈ ಹಾಕಿದರೆ ಅದೇ ಒಂದು ಆಲ್ಬಂ ಆಗುತ್ತದೆ. ಒಂದೇ ಒಂದು ಇಟ್ಟು ಮುಂದೆ ಹೋಗಿದ್ದೇನೆ.

ಈಗ ಮೇಜಿನ ಮೇಲಿರುವುದು ಮೊಜಾಂಬಿಕ್. ಇಲ್ಲಿ ಎರಡು ಓವರ್‌ಪ್ರಿಂಟ್ ಬೇಕು. ಒಂದು 'ರಿಪಬ್ಲಿಕಾ'. 1910ರಲ್ಲಿ ಪೋರ್ಚುಗಲ್ ದೊರೆಯನ್ನು ಇಳಿಸಿ ಗಣರಾಜ್ಯವಾದಾಗ ವಸಾಹತುಗಳ ಸ್ಟ್ಯಾಂಪಿನಲ್ಲಿ ದೊರೆಯ ಮುಖದ ಮೇಲೆ ಅದನ್ನು ಹೊಡೆದರು. ಗೋವಾದ ಪೋರ್ಚುಗೀಸ್ ಇಂಡಿಯಾ ಸ್ಟ್ಯಾಂಪ್‌ಗಳಿಗೂ ಅದೇ ಗತಿ. ಲಿಸ್ಬನ್ನಿನಲ್ಲಿ ದೊರೆ ಹೋದ, ಮೊಜಾಂಬಿಕ್‌ನಲ್ಲಿ ಬಿಟ್ಟಿ ದುಡಿಮೆ ಹೋಗಲಿಲ್ಲ. ಇನ್ನೊಂದು 'ಇಂಡಿಪೆಂಡೆನ್ಸಿಯಾ 25 ಜೂನ್ 75'. ಇದು ಸಿಕ್ಕಿದೆ. ರಿಪಬ್ಲಿಕಾ ಓವರ್‌ಪ್ರಿಂಟ್ ಗೋವಾದ್ದು ನನ್ನ ಹತ್ತಿರ ಇದೆ, ಮೊಜಾಂಬಿಕ್‌ದು ಇಲ್ಲ. ಗೋವಾ ಆಫ್ರಿಕಾ ಅಲ್ಲವಾದ್ದರಿಂದ ಅದನ್ನು ಹಾಕುವಂತಿಲ್ಲ. ಅದಲು ಬದಲು ಮಾಡುವವರು ಇದ್ದರೆ ಹೇಳಿ, ನನ್ನ ಹತ್ತಿರ ಡಬಲ್ ಇವೆ.