ಐಚ್ಛಿಕ ವಿಷಯದ ಫಾರಂ ತುಂಬುವ ಮುನ್ನ

ಮೊದಲ ಆಯ್ಕೆ ಹೇಗೂ ಮಕ್ಕಳಿಗೆ ಗೊತ್ತಿರುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡನೆಯದು, ಮೂರನೆಯದರ ಬಗ್ಗೆ. ಸೀಟು ತುಂಬಿದರೆ, ಅಥವಾ ಅದೇ ಪೀರಿಯಡ್‌ಗೆ ಗಣಿತ ಬಿದ್ದರೆ, ಕೊನೆಗೆ ಸಿಗುವುದು ಅವೇ. ಸುಮ್ಮನೆ ಖಾಲಿ ಜಾಗ ತುಂಬಿಸಿದರೆ ಬೇಡದ ಕ್ಲಾಸಿನಲ್ಲಿ ಕೂರಬೇಕಾಗುತ್ತದೆ.

ವಾದ್ಯಸಂಗೀತ, ಹೊಸ ಭಾಷೆ ಸಾಮಾನ್ಯವಾಗಿ ಇಡೀ ವರ್ಷದವು. ನಡುವೆ ಸೇರುವುದು ಕಷ್ಟ; ಉಳಿದವರು ಆಗಲೇ ಸ್ವರಲಿಪಿ ಓದುತ್ತಿರುತ್ತಾರೆ. ಚಿತ್ರಕಲೆ, ನಾಟಕ, ಕೋಡಿಂಗ್ ಹಲವು ಕಡೆ ಅರ್ಧ ವರ್ಷಕ್ಕೇ ಮುಗಿಯುತ್ತವೆ, ರುಚಿ ನೋಡಲು ಇವೇ ವಾಸಿ. ವಾದ್ಯದ ಬಾಡಿಗೆ ಎಷ್ಟು, ಶಾಲೆ ಬಿಟ್ಟ ಮೇಲೆ ರಿಹರ್ಸಲ್ ಇದೆಯೇ, ಮೊದಲೇ ಕೇಳಿ.

ಗೆಳೆಯರ ಜೊತೆಗಿರಲೆಂದು ಆರಿಸುವುದು ದಂಡ. ಸೆಕ್ಷನ್ ಬೇರೆಯಾದರೆ ಗೆಳೆಯರೂ ಇಲ್ಲ, ಇಷ್ಟದ ವಿಷಯವೂ ಇಲ್ಲ. ವಿಷಯ ಬದಲಿಸಲು ಕೊನೆಯ ದಿನ ಯಾವುದೆಂದು ಫಾರಂ ಕೊಡುವಾಗಲೇ ಬರೆದಿಟ್ಟುಕೊಳ್ಳಿ.