ಬಾವಿ ಯಾವ ಹಂತದಲ್ಲಿದೆ ಅಂತ ಕೇಳಿ

ನಾನು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ತಮಾ ಕ್ಲಿನಿಕ್‌ನಲ್ಲಿ ನರ್ಸ್. ನಮ್ಮಲ್ಲಿಗೆ ಬರುವವರಲ್ಲಿ ವಾಷಿಂಗ್ಟನ್ ಕೌಂಟಿಯವರೇ ಜಾಸ್ತಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇದು ರಾಜಧಾನಿ ವಾಷಿಂಗ್ಟನ್ ಅಲ್ಲ. ಪಿಟ್ಸ್‌ಬರ್ಗ್‌ಗೆ ದಕ್ಷಿಣದಲ್ಲಿರುವ ಗುಡ್ಡ, ಹುಲ್ಲುಗಾವಲು, ಹಳೆಯ ಕಲ್ಲಿದ್ದಲು ಗಣಿಗಳ ಸೀಮೆ. ಆ ನೆಲದ ಆಳದಲ್ಲಿ ಮಾರ್ಸೆಲಸ್ ಶೇಲ್ ಅನ್ನುವ ಕಲ್ಲಿನ ಪದರ ಇದೆ. ಕೆಳಕ್ಕೆ ಕೊರೆದು, ಆಮೇಲೆ ಅಡ್ಡಕ್ಕೆ ಕೊರೆದು, ನೀರು, ಮರಳು, ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಕಲ್ಲು ಸೀಳಿ ಗ್ಯಾಸ್ ತೆಗೆಯುತ್ತಾರೆ. ಇದೇ ಫ್ರ್ಯಾಕಿಂಗ್.

ಆಸ್ತಮಾ ರೋಗಿಯನ್ನು ನೋಡುವ ನಾವು, ಮನೆ ಹತ್ತಿರ ಗ್ಯಾಸ್ ಬಾವಿ ಇದೆಯಾ ಅಂತ ಕೇಳಿ ನಿಲ್ಲಿಸಬಾರದು. ಅದು ಈಗ ಯಾವ ಹಂತದಲ್ಲಿದೆ ಅಂತಾನೂ ಕೇಳಬೇಕು. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಇದು.

ಮೊದಲು ಗುಡ್ಡ ಸಮ ಮಾಡುತ್ತಾರೆ. ಆಮೇಲೆ ಹಗಲು ರಾತ್ರಿ ಕೊರೆಯುತ್ತಾರೆ. ಫ್ರ್ಯಾಕಿಂಗ್ ಶುರುವಾದರೆ ಸಾಲುಸಾಲು ಟ್ರಕ್ಕು, ಡೀಸೆಲ್ ಹೊಗೆ, ಪಂಪುಗಳ ಗದ್ದಲ, ರಾತ್ರಿಯಿಡೀ ದೀಪ. ನಿದ್ದೆ ಹಾಳು. ಆಗ ಎಲ್ಲರೂ ದೂರು ಹೇಳುತ್ತಾರೆ. ಒಂದು ದಿನ ಯಂತ್ರಗಳೆಲ್ಲ ಹೊರಟುಹೋಗುತ್ತವೆ. ಬೇಲಿಯೊಳಗೆ ಕೆಲವು ಟ್ಯಾಂಕು, ಪೈಪು ಉಳಿಯುತ್ತವೆ. "ಸದ್ಯ, ಮುಗೀತು" ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಬಾವಿಯಿಂದ ಗ್ಯಾಸ್ ಬರಲು ಶುರುವಾಗುವುದೇ ಆಗ. ಅದು ವರ್ಷಗಟ್ಟಲೆ ನಡೆಯುತ್ತದೆ. ಟ್ಯಾಂಕುಗಳಿಂದ ಬೆಂಜೀನ್‌ನಂಥ ಆವಿ ಹೊರಬರುತ್ತದೆ. ಗ್ಯಾಸನ್ನು ಪೈಪಿಗೆ ಒತ್ತುವ ಕಂಪ್ರೆಸರ್ ಎಂಜಿನ್‌ಗಳು ಫಾರ್ಮಾಲ್ಡಿಹೈಡ್, ನೈಟ್ರೋಜನ್ ಆಕ್ಸೈಡ್ ಉಗುಳುತ್ತವೆ.

2023ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನಗಳು ಹೊರಬಂದವು. ರಾಜ್ಯದ ನೈರುತ್ಯ ಭಾಗದ ಎಂಟು ಕೌಂಟಿಗಳನ್ನು ನೋಡಿದ್ದರು. ಗ್ಯಾಸ್ ಹೊರತೆಗೆಯುವ ಹಂತದಲ್ಲಿರುವ ಬಾವಿಗಳ ಹತ್ತಿರ ಇರುವ ಆಸ್ತಮಾ ರೋಗಿಗಳಿಗೆ ಉಬ್ಬಸ ಕೆರಳುವ ಸಾಧ್ಯತೆ 4ರಿಂದ 5 ಪಟ್ಟು ಜಾಸ್ತಿ ಕಂಡಿತ್ತು. ಗದ್ದಲದ ಹಂತಗಳಲ್ಲಿ ಅಂಥ ಸ್ಪಷ್ಟ ನಂಟು ಸಿಗಲಿಲ್ಲ. ಒಬ್ಬ ರೋಗಿಗೆ ಉಬ್ಬಸ ಬಂದದ್ದು ಬಾವಿಯಿಂದಲೇ ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ ಯಾರನ್ನು ಹೆಚ್ಚು ಗಮನಿಸಬೇಕು ಅಂತ ಗೊತ್ತಾಗುತ್ತದೆ.

ಅದೇ ಅಧ್ಯಯನಗಳಲ್ಲಿ, ಮನೆಯಿಂದ 1 ಮೈಲಿ ಒಳಗೆ ಬಾವಿ ಇರುವ ಮಕ್ಕಳಲ್ಲಿ ಲಿಂಫೋಮಾ (ದುಗ್ಧ ಗ್ರಂಥಿಗಳ) ಕ್ಯಾನ್ಸರ್ 5ರಿಂದ 7 ಪಟ್ಟು ಜಾಸ್ತಿ ಕಂಡಿತು. ಮಕ್ಕಳ ರಕ್ತ, ಮಿದುಳು, ಮೂಳೆ ಕ್ಯಾನ್ಸರ್‌ಗೆ ನಂಟು ಸಿಗಲಿಲ್ಲ. ಆದರೆ 2022ರಲ್ಲಿ ಯೇಲ್ ವಿಶ್ವವಿದ್ಯಾಲಯದವರ ಅಧ್ಯಯನ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ನಂಟು ಕಂಡಿತ್ತು. ಹೆದರಿ ಬರುವ ತಾಯಂದಿರಿಗೆ ನಾನು ಇದನ್ನೂ ಹೇಳುತ್ತೇನೆ, ಮಕ್ಕಳ ಲಿಂಫೋಮಾ ತುಂಬಾ ಅಪರೂಪ ಅನ್ನುವುದನ್ನೂ ಹೇಳುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅನ್ಯಾಯ. ಬಸುರಿಯರ ವಿಷಯಕ್ಕೆ 2017ರ ಅಧ್ಯಯನ ಒಂದಿದೆ. ಪೆನ್ಸಿಲ್ವೇನಿಯಾದ 11 ಲಕ್ಷ ಹೆರಿಗೆಗಳನ್ನು ನೋಡಿದ್ದರು. ಬಾವಿಯಿಂದ 1 ಕಿಲೋಮೀಟರ್ ಒಳಗೆ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ 25 ಶೇಕಡಾ ಹೆಚ್ಚಿತ್ತು. ರಾಜ್ಯದ 2012ರ ಕಾನೂನು ಮನೆಗೂ ಬಾವಿಗೂ ನಡುವೆ ಕೇಳುವ ಅಂತರ 500 ಅಡಿ, ಅಂದರೆ ಸುಮಾರು 150 ಮೀಟರ್. ನನ್ನ ಪ್ರಕಾರ ಅದು ಏನೇನೂ ಸಾಲದು. 2020ರಲ್ಲಿ ರಾಜ್ಯದ ಗ್ರ್ಯಾಂಡ್ ಜ್ಯೂರಿ (ಕೋರ್ಟಿನ ಪರವಾಗಿ ತನಿಖೆ ಮಾಡುವ ನಾಗರಿಕರ ತಂಡ) ಕೂಡ 2,500 ಅಡಿ ಮಾಡಿ ಅಂತ ಹೇಳಿತು.

ಇನ್ನು ಕೇಳುವ ರೀತಿ. "ಜಮೀನು ಗ್ಯಾಸ್ ಕಂಪನಿಗೆ ಲೀಸ್ ಕೊಟ್ಟಿದ್ದೀರಾ?" ಅಂತ ಶುರುಮಾಡಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಆ ದುಡ್ಡಿನಿಂದ ಹೈನುಗಾರಿಕೆ ಉಳಿಸಿಕೊಂಡವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ. ಅವರನ್ನು ತಪ್ಪಿತಸ್ಥರ ಹಾಗೆ ಕೂರಿಸುವುದು ನಮ್ಮ ಕೆಲಸ ಅಲ್ಲ, ಅಲ್ವಾ? ಇನ್ನು ಕೆಲವರಿಗೆ ಮನೆ ಮಾತ್ರ ಸ್ವಂತ, ನೆಲದಡಿಯ ಹಕ್ಕು ಬೇರೆಯವರದು. ಅವರಿಗೆ ದುಡ್ಡೂ ಇಲ್ಲ, ಬೇಡ ಅನ್ನುವ ಅವಕಾಶವೂ ಇಲ್ಲ. ಅದಕ್ಕೇ ಸುಮ್ನೆ ಹೀಗೆ ಕೇಳಿ: "ಮನೆಯಿಂದ ಏನು ಕಾಣುತ್ತದೆ? ರಾತ್ರಿ ಏನು ಕೇಳಿಸುತ್ತದೆ? ವಾಸನೆ ಯಾವ ಹೊತ್ತಿಗೆ ಬರುತ್ತದೆ?" ಉತ್ತರವನ್ನು ತಪ್ಪದೆ ಫೈಲಿನಲ್ಲಿ ಬರೆಯಿರಿ. ಮುಂದಿನ ಸಲ ನೋಡುವ ಡಾಕ್ಟರ್‌ಗೆ ಅದು ಕಾಣಬೇಕು.

ರೋಗಿಗೆ ಒಂದು ನೋಟ್‌ಬುಕ್ ಇಡಲು ಹೇಳಿ. ತಾರೀಕು, ಹೊತ್ತು, ಕೆಮ್ಮು, ಇನ್‌ಹೇಲರ್ ಎಷ್ಟು ಸಲ, ವಾಸನೆ, ಗಾಳಿ ಯಾವ ಕಡೆಯಿಂದ. ಇಷ್ಟು ಸಾಕು. ವಾಸನೆ ಬಂದಾಗ ಕಿಟಕಿ ಮುಚ್ಚಲಿ. ಮನೆಯ ಗಾಳಿ ಸೋಸುವ ಹೆಪಾ ಫಿಲ್ಟರ್ ದೂಳನ್ನು ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರೂ ಬೇಕು. ದೂಳು ಒಳಗೆ ಬರದಂತೆ, ಚಪ್ಪಲಿ ಹೊರಗೆ ಬಿಡುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಇದೇ ಕೌಂಟಿಯ ಕ್ಯಾನನ್ಸ್‌ಬರ್ಗ್ ಕಡೆ ಮನೆ ನೋಡುತ್ತಿರುವ ಕನ್ನಡದವರಿಗೂ ಒಂದು ಮಾತು. ಮುಂಗಡ ಕೊಡುವ ಮೊದಲು ರಾಜ್ಯದ ಪರಿಸರ ಇಲಾಖೆಯ ನಕ್ಷೆಯಲ್ಲಿ ಬಾವಿಗಳನ್ನು ನೋಡಿ. ಕುಡಿಯುವ ನೀರು ಮನೆಯ ಬಾವಿಯದ್ದಾದರೆ, ಹತ್ತಿರ ಕೊರೆಯುವ ಮೊದಲೇ ಪರೀಕ್ಷೆ ಮಾಡಿಸಿಡಿ. ಆಮೇಲೆ ನೀರು ಕೆಟ್ಟರೆ, ಮೊದಲು ಹೇಗಿತ್ತು ಅಂತ ತೋರಿಸಲು ಆ ಕಾಗದ ಬೇಕಾಗುತ್ತದೆ.